ಅಣ್ಣನ ಸಾಬು

ಚಾಮರಾಜಪುರಂ ರೈಲ್ವೆ ಸ್ಟೇಷನ್ನಿಗೆ ಎರಡು ಬೀದಿ ಈಚೆಗೆ ನಮ್ಮ ಮನೆ. ಆಗ ಮೀಟರ್ ಗೇಜ್ ಕಾಲ. ನಂಜನಗೂಡಿನ ಕಡೆಯಿಂದ ಬರುವ ಗಾಡಿ ಕೂಗಿದ ಮೇಲೆ ಅಮ್ಮ ಅನ್ನಕ್ಕಿಡುತ್ತಿದ್ದಳು. ಗಾಡಿ ತಡವಾದ ದಿನ ನಮ್ಮ ಊಟವೂ ತಡ. ಹಸಿವು ತಡೆಯುವುದಕ್ಕೋ ಏನೋ, ಜಗಲಿಯ ಮೇಲೆ ಕೂತ ನಮ್ಮ ತಂದೆ (ಅವರನ್ನು ನಾವೆಲ್ಲ ಕರೆಯುತ್ತಿದ್ದುದು ಅಣ್ಣ ಎಂದೇ) ಬಂದವರಿಗೆಲ್ಲ ಒಂದು ಪ್ರಶ್ನೆ ಹಾಕುತ್ತಿದ್ದರು: "ಟಾಮ್ ಮಿಕ್ಸ್ ದೊಡ್ಡವನೋ, ನಮ್ಮ ಸಾಬು ದೊಡ್ಡವನೋ?"

ಬಂದವರಲ್ಲಿ ಬಹುಪಾಲು ಮಂದಿಗೆ ಇಬ್ಬರೂ ಗೊತ್ತಿರುತ್ತಿರಲಿಲ್ಲ. ಗೊತ್ತಿಲ್ಲ ಅಂದರೆ ಕಥೆ ಇನ್ನೂ ಉದ್ದವಾಗುತ್ತದೆಂದು ತಿಳಿದ ನೆರೆಯವರು "ಸಾಬೂನೇ ಬಿಡಿ" ಎಂದು ಕಾಫಿ ಕುಡಿದು ಎದ್ದುಬಿಡುತ್ತಿದ್ದರು.

ಟಾಮ್ ಮಿಕ್ಸ್ ಮೂಕಿಚಿತ್ರಗಳ ಕಾಲದ ಅಮೆರಿಕದ ಕೌಬಾಯ್. ಓಕ್ಲಹೋಮದಲ್ಲಿ ದನದ ರ‍್ಯಾಂಚು, ಕುದುರೆ ಪ್ರದರ್ಶನ ಎಂದು ತಿರುಗಾಡಿಕೊಂಡಿದ್ದವನು 1910ರ ಸುಮಾರಿಗೆ ಸಿನಿಮಾಕ್ಕೆ ಬಂದ. ಮುನ್ನೂರರ ಹತ್ತಿರ ಚಿತ್ರ ಮಾಡಿದ. ತಲೆಯ ಮೇಲೆ ದೊಡ್ಡ ಹ್ಯಾಟು, ತೊಡೆಯ ಕೆಳಗೆ ಟೋನಿ ಎಂಬ ಕುದುರೆ. ಟೋನಿಗೂ ಅವನಷ್ಟೇ ಹೆಸರು. ಅಣ್ಣ ಹುಡುಗನಾಗಿದ್ದಾಗ ಟೆಂಟಿನಲ್ಲಿ ಅವನ ಚಿತ್ರ ನೋಡಿ ಬಂದು, ತಾತನ ಕರೀ ಟೋಪಿ ಏರಿಸಿ, ತೆಂಗಿನ ಮಟ್ಟೆಯ ಕುದುರೆ ಹತ್ತಿ ಬೀದಿಯನ್ನೆಲ್ಲ ಗೆದ್ದಿದ್ದರಂತೆ.

ಆಮೇಲೆ ಸಾಬು ಬಂದ. ಅವನು ನಮ್ಮ ಹೆಗ್ಗಡದೇವನಕೋಟೆ ಕಡೆಯ ಕಾರಾಪುರದವನು, ಮಾವುತನ ಮಗ, ಹುಟ್ಟಿದ್ದು 1924ರಲ್ಲಿ. ಅಣ್ಣ ಹುಟ್ಟಿದ್ದೂ ಅದೇ ವರ್ಷ. ಅಪ್ಪ ಸತ್ತ ಮೇಲೆ ಆ ಹುಡುಗ ಅರಮನೆಯ ಆನೆಲಾಯದಲ್ಲಿ ಬೆಳೆಯುತ್ತಿದ್ದ. 1935ರಲ್ಲಿ ಅಲೆಕ್ಸಾಂಡರ್ ಕೋರ್ಡಾನ ಕಂಪನಿಗಾಗಿ ರಾಬರ್ಟ್ ಫ್ಲಾಹರ್ಟಿ ಎಂಬಾತ ಕಿಪ್ಲಿಂಗನ ಆನೆ ಹುಡುಗನ ಕಥೆಯನ್ನು ಚಿತ್ರ ಮಾಡಲು ಮೈಸೂರಿಗೆ ಬಂದ. ನಾಲ್ವಡಿ ಕೃಷ್ಣರಾಜ ಒಡೆಯರು ತಂಡದವರಿಗೆ ಚಿತ್ತರಂಜನ ಮಹಲನ್ನೇ ಬಿಟ್ಟುಕೊಟ್ಟರು. ಕಥಾನಾಯಕ ಹುಡುಗ ಸಿಕ್ಕಿದ್ದು ಮಾತ್ರ ಆನೆಲಾಯದಲ್ಲಿ. ಕ್ಯಾಮೆರಾದ ಬೊರ‍್ರಡೇಲನ ಕಣ್ಣಿಗೆ ಬಿದ್ದ. ಆನೆಯಾಗಿ ಅರಮನೆಯ ಐರಾವತ. 1937ರಲ್ಲಿ ಚಿತ್ರ ತೆರೆಗೆ ಬಂತು. ವೆನಿಸ್ಸಿನಲ್ಲಿ ನಿರ್ದೇಶನಕ್ಕೆ ಬಹುಮಾನವೂ ಬಂತು. ಅಷ್ಟರಲ್ಲಿ ಹುಡುಗ ಇಂಗ್ಲೆಂಡಿನಲ್ಲಿದ್ದ. ತೆಂಗಿನ ಮಟ್ಟೆಯ ಕುದುರೆಯನ್ನು ಅಣ್ಣ ಬಿಸಾಕಿದ್ದು ಆಗಲೇ ಇರಬೇಕು.

ನಾನು ಕಾಲೇಜಿಗೆ ಹೋಗಿ ನಾಲ್ಕು ಪುಸ್ತಕ ಓದಿದೆ. ಓದಿದ್ದನ್ನು ಎಲ್ಲಾದರೂ ಖರ್ಚು ಮಾಡಬೇಕಲ್ಲ, ಮನೆಯಲ್ಲೇ ಮಾಡಿದೆ. ಸಾಬು ನಟಿಸಿದ 'ದಿ ಡ್ರಮ್' ಚಿತ್ರದ ವಿರುದ್ಧ, ಅದು ಬ್ರಿಟಿಷರ ಭಟ್ಟಂಗಿತನವೆಂದು, 1938ರಲ್ಲಿ ಬೊಂಬಾಯಿಯ ಜನ ಪ್ರತಿಭಟಿಸಿದ್ದು ನನಗೆ ತಿಳಿದಿತ್ತು. ಒಂದು ಸಂಜೆ, ನೆಂಟರ ಎದುರಿಗೇ ಅಂದೆ: "ಕೌಬಾಯ್‌ಗೆ ಬೂಟು, ಹ್ಯಾಟು, ಪಿಸ್ತೂಲು. ನಿಮ್ಮ ಸಾಬೂಗೆ ಒಂದು ತುಂಡು ಬಟ್ಟೆ. ಬಿಳಿಯರ ಮುಂದೆ ಆನೆ ಆಡಿಸಿದೋನನ್ನ ಹೊಗಳೋಕೆ ನಾಚಿಕೆ ಆಗಲ್ವ ಅಣ್ಣ?"

ಅವರು ಏನೂ ಅನ್ನಲಿಲ್ಲ. ಮಾರನೆಯ ದಿನದಿಂದ ಆ ಪ್ರಶ್ನೆ ಕೇಳುವುದನ್ನು ಬಿಟ್ಟರು. ಮತ್ತೆ ಕೇಳಲೇ ಇಲ್ಲ. ನಾನು ಇದನ್ನು ಗೆಲುವೆಂದೇ ಬಹಳ ವರ್ಷ ತಿಳಿದಿದ್ದೆ.

ಅಣ್ಣ ಹೋಗಿ ಎಷ್ಟೋ ವರ್ಷದ ಮೇಲೆ ಮಗ ಕಂಪ್ಯೂಟರಿನಲ್ಲಿ ಆ ಚಿತ್ರ ಹಾಕಿಕೊಟ್ಟ. ಕಥೆ ಸಾಧಾರಣವೇ, ಬಿಳಿಯ ದೊರೆಯ ಪಾತ್ರವೂ ನಾನು ಅಂದುಕೊಂಡಂತೆಯೇ ಇತ್ತು. ಆದರೆ ಹುಡುಗನನ್ನು ನೋಡುತ್ತ ಕೂತೆ. ಐರಾವತನ ಕಿವಿಯ ಹಿಂದೆ ಇಟ್ಟ ಆ ಪುಟ್ಟ ಕಾಲು ಯಾವ ನಿರ್ದೇಶಕನೂ ಕಲಿಸಿದ್ದಲ್ಲ. ಅದು ಲಾಯದ ವಿದ್ಯೆ, ಅಪ್ಪನಿಂದ ಬಂದದ್ದು. ಇದಕ್ಕೆ ನಾನು ನಾಚಿಕೆಪಡಬೇಕೆಂದಿದ್ದೆ.

ಆಮೇಲೆ ಹುಡುಕಿ ಓದಿದೆ. ಟಾಮ್ ಮಿಕ್ಸ್ ಮಹಾ ಯೋಧನೆಂದು ಕಂಪನಿಯವರು ಊರೆಲ್ಲ ಸಾರಿದ್ದರು. ನಿಜವಾಗಿ ಅವನು ಯುದ್ಧ ಕಂಡವನೇ ಅಲ್ಲ, 1902ರಲ್ಲಿ ರಜೆ ಮೇಲೆ ಹೋದವನು ಸೈನ್ಯಕ್ಕೆ ಹಿಂತಿರುಗಲಿಲ್ಲ. 1940ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡ. ಸಾಬು 'ಥೀಫ್ ಆಫ್ ಬಾಗ್ದಾದ್', 'ಜಂಗಲ್ ಬುಕ್' ಮುಗಿಸಿ, ಹೆಸರು ಉತ್ತುಂಗದಲ್ಲಿದ್ದಾಗಲೇ 1944ರಲ್ಲಿ ಅಮೆರಿಕದ ಪ್ರಜೆಯಾಗಿ ವಾಯುದಳ ಸೇರಿದ. ಬಾಂಬರ್ ವಿಮಾನದಲ್ಲಿ ಗನ್ನರ್ ಆಗಿ ಹಾರಿದ. ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಪಡೆದ. ತೆರೆಯ ಮೇಲೆ ಬೂಟು ಹಾಕಿದವನು ಯಾರು, ಯುದ್ಧಕ್ಕೆ ಹೋದವನು ಯಾರು!

ವಾಪಸು ಬಂದ ಮೇಲೆ ಅವನಿಗೆ ಪಾತ್ರಗಳು ಸಣ್ಣವಾದವು. ಗಂಡಸಾಗಿದ್ದ, ಮದುವೆಯಾಗಿ ಮಕ್ಕಳಾಗಿದ್ದವು; ಹಾಲಿವುಡ್ಡಿಗೆ ಮಾತ್ರ ಆನೆ ಹುಡುಗನೇ ಬೇಕಾಗಿತ್ತು. 1952ರಲ್ಲಿ ಲಂಡನ್ನಿನ ಸರ್ಕಸ್ಸಿನಲ್ಲಿ ಮತ್ತೆ ಆನೆಯ ಜೊತೆ ನಿಂತ. ಮೆಹಬೂಬ್ ಖಾನ್ 'ಮದರ್ ಇಂಡಿಯಾ'ದ ಬಿರ್ಜು ಪಾತ್ರಕ್ಕೆ ಅವನನ್ನೇ ಬಯಸಿದ್ದರು. ಇಲ್ಲಿ ಕೆಲಸ ಮಾಡಲು ಅವನಿಗೆ ಪರವಾನಗಿ ಸಿಗಲಿಲ್ಲ. ಪಾತ್ರ ಸುನಿಲ್ ದತ್‌ಗೆ ಹೋಯಿತು. ಕಾರಾಪುರದ ಹುಡುಗನಿಗೆ ಸ್ವಂತ ದೇಶದಲ್ಲಿ ಪರವಾನಗಿ! ಅವನು ಕೊನೆಗೆ ನೆಲೆಸಿದ್ದು ಕ್ಯಾಲಿಫೋರ್ನಿಯಾದ ಚಾಟ್ಸ್‌ವರ್ತ್‌ನಲ್ಲಿ. ಎಷ್ಟೋ ಕೌಬಾಯ್ ಚಿತ್ರಗಳನ್ನು ತೆಗೆದದ್ದು ಆ ಊರಿನ ಬಂಡೆಗಳ ನಡುವೆಯೇ. 1963ರ ಡಿಸೆಂಬರ್ 2ರಂದು ಅಲ್ಲೇ ಹೃದಯಾಘಾತವಾಯಿತು. ವಯಸ್ಸು 39.

ಈ ತಾರೀಖು ಓದಿದಾಗ ನನಗೊಂದು ಬೆಳಿಗ್ಗೆ ನೆನಪಾಯಿತು. ನನಗಾಗ ಒಂಬತ್ತು ವರ್ಷ. ಪೇಪರು ಬಂದಿತ್ತು. ಸ್ನಾನ, ಸಂಧ್ಯಾವಂದನೆ ಮುಗಿಸಿ ಆಫೀಸಿಗೆ ಹೊರಡಬೇಕಾಗಿದ್ದ ಅಣ್ಣ ಜಗಲಿಯ ಮೇಲೇ ಕೂತಿದ್ದರು. ಗಾಡಿ ಕೂಗಿತು, ಅಮ್ಮ ತಟ್ಟೆ ಹಾಕಿ ಎರಡು ಸಲ ಕರೆದಳು. ಅವರು ಏಳಲಿಲ್ಲ. ಯಾರಾದರೂ ನೆಂಟರು ತೀರಿಕೊಂಡರೇನೋ ಎಂದು ನಾನು ಹೆದರಿ, "ಯಾರಣ್ಣ?" ಎಂದು ಕೇಳಿದೆ.

"ನಮ್ಮೂರ ಹುಡುಗ ಕಣೋ," ಅಂದರು. ಆ ದಿನ ಆಫೀಸಿಗೆ ಹೋಗಲಿಲ್ಲ.