ಅನುಭವವಿಲ್ಲದ ಲೇಖಕ

ಯಲ್ಲಾಪುರ ತಾಲೂಕಿನ ಇಡಗುಂದಿಯಲ್ಲಿ ಓದು ಮುಗಿಸಿದ ತರುಣನೊಬ್ಬನಿದ್ದಾನೆ. ಅಣ್ಣನು ಬೆಂಗಳೂರನ್ನು ಸೇರಿದ ಮೇಲೆ ಮನೆಯಲ್ಲಿ ಉಳಿದವರು ವೃದ್ಧರಾದ ತಾಯಿತಂದೆಗಳು. ಅವರೊಡನೆ ಅಡಿಕೆಯ ತೋಟ. ತೋಟವನ್ನು ಬಿಡದೆ, ಅಂತರ್ಜಾಲದ ಮೂಲಕ ಲೇಖನಗಳನ್ನು ಬರೆದುಕೊಟ್ಟು ನಾಲ್ಕು ಕಾಸು ಸಂಪಾದಿಸಬೇಕೆಂಬುದು ಅವನ ಸಂಕಲ್ಪ. ಆದರೆ ಕೆಲಸ ಕೊಡುವವರೆಲ್ಲರದೂ ಒಂದೇ ಪ್ರಶ್ನೆ: "ನಿಮಗೆ ಅನುಭವವೇನು?"

ಬರೆಹದ ಅನುಭವ ಅವನಿಗಿಲ್ಲ, ನಿಜ. ತೋಟದ ಅನುಭವ ಇಲ್ಲವೆನ್ನುವರಾರು? ಕೊಳೆರೋಗ ತಗಲದಂತೆ ಮಳೆಗಾಲಕ್ಕೆ ಮುನ್ನವೇ ಕೊನೆಗಳಿಗೆ ಬೋರ್ಡೋ ದ್ರಾವಣವನ್ನು ಸಿಂಪಡಿಸಬೇಕು. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರು ನೀರು. 40-45 ದಿನಗಳ ಮೇಲೆ ಮತ್ತೊಮ್ಮೆ. ಇದನ್ನು ಅವನಷ್ಟು ಸ್ಪಷ್ಟವಾಗಿ ಪಟ್ಟಣದ ಲೇಖಕನು ಬಲ್ಲನೇ? ಇಂಥ ಎರಡು ಮೂರು ವಿಷಯಗಳನ್ನು ಶುದ್ಧವಾಗಿ ಬರೆದು, ಬಲ್ಲವರಿಂದ ತಿದ್ದಿಸಿ, ಮಾದರಿಯೆಂದು ಕಳುಹಿಸಿದರೆ ಅವೇ ಹೊಸಬನ ಯೋಗ್ಯತಾಪತ್ರ. ಇಂಗ್ಲಿಷನ್ನೂ ಬಲ್ಲವನಿಗೆ ಅನುವಾದದ ಕೆಲಸ ದೊರೆಯುವುದುಂಟು. ಸಂಭಾವನೆ ಎಷ್ಟು, ಯಾವಾಗ ಎಂಬುದನ್ನು ಮೊದಲೇ ಬರೆಹದಲ್ಲಿ ಪಡೆಯುವುದು ವಿವೇಕ. ಕೆಲಸ ಕೊಡಿಸುವೆನೆಂದು ಮುಂಗಡ ಹಣ ಬೇಡುವವರಿಂದ ದೂರವಿರತಕ್ಕದ್ದು.

ಶಾಲಾ ಮಾಸ್ತರರಾಗಿದ್ದ ಗಳಗನಾಥರು (1869–1942) ತಮ್ಮ ಕಾದಂಬರಿಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದರು. ಇಂದು ಗಂಟು ಹೊರಬೇಕಾಗಿಲ್ಲ. ಓದುಗರ ವಿಶ್ವಾಸವನ್ನು ಮಾತ್ರ ಅಂದಿನಂತೆಯೇ ದುಡಿದು ಗಳಿಸಬೇಕು. ಬರೆಹ ಕೈಹಿಡಿಯುವವರೆಗೆ ತೋಟವೇ ಆ ತರುಣನನ್ನು ಸಾಕಬೇಕು. ಕೈಹಿಡಿದ ಮೇಲೆ ತೋಟಕ್ಕೂ ಒಬ್ಬ ಒಡೆಯನು ಉಳಿದಾನು.