ಗಾಡಿಮನೆಯ ಕಣಜ

ಮನೆಯಲ್ಲಿ ಏನಿದೆ, ಅದು ಎಷ್ಟು ದಿನಕ್ಕೆ ಬಂದೀತು ಎಂಬ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳದ ಗೃಹಸ್ಥನು ಲೋಕದಲ್ಲಿ ಇರಲಾರನು. ನಮ್ಮ ಹಿರಿಯರು ಇವಕ್ಕೆ ಉತ್ತರವನ್ನು ಕಣಜದಲ್ಲಿಯೂ ಹಗೇವಿನಲ್ಲಿಯೂ ಇಣಿಕಿ ನೋಡಿ ಕಂಡುಕೊಳ್ಳುತ್ತಿದ್ದರು. ಸುಗ್ಗಿಯಲ್ಲಿ ತುಂಬಿದ ರಾಗಿ ಮುಂದಿನ ಸುಗ್ಗಿಯವರೆಗೆ ಸಾಲಬೇಕು. ನಡುವೆ ನೆಂಟರು ಬರುವರು, ಮದುವೆ ಮುಂಜಿಗಳು ಬರುವುವು, ಮಳೆ ತಪ್ಪುವುದೂ ಉಂಟು. ಗಾಲಿಯ ಮೇಲೆ ಉರುಳುವ ಮನೆಗೂ ಇಂತಹುದೇ ಒಂದು ಕಣಜವಿರುವುದು. ಅದರಲ್ಲಿ ತುಂಬುವುದು ಧಾನ್ಯವಲ್ಲ, ವಿದ್ಯುತ್ತು. ಆ ಕಣಜವನ್ನು ನಾವು ಹೊಸದಾಗಿ ಕಟ್ಟಿಕೊಂಡ ವೃತ್ತಾಂತವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಾವು ಅಮೆರಿಕದ ಅರಿಜೋನ ಸಂಸ್ಥಾನದ ಫೀನಿಕ್ಸ್ ನಗರದಲ್ಲಿ ಬಹುಕಾಲದಿಂದ ನೆಲಸಿರುವವರು. ಅದು ಮರಳುಗಾಡಿನ ಊರು. ಬೇಸಗೆಯ ಬಿಸಿಲು ನಮ್ಮ ರಾಯಚೂರಿನ ಬಿಸಿಲನ್ನೂ ನಾಚಿಸುವಂತಹುದು. ಉತ್ತರಕ್ಕೆ ಮೂರು ಗಂಟೆಗಳ ಹಾದಿ ಹತ್ತಿದರೆ ಏಳು ಸಾವಿರ ಅಡಿ ಎತ್ತರದಲ್ಲಿ ಫ್ಲಾಗ್‌ಸ್ಟಾಫ್ ಎಂಬ ಊರೂ, ಅದರ ಸುತ್ತ ಕೊಕೊನೀನೊ ಎಂಬ ಸರ್ಕಾರದ ಮಹಾರಣ್ಯವೂ ಇವೆ. ಮುಗಿಲಿಗೆ ತಾಗುವ ಪೈನ್ ಮರಗಳ ನಡುವೆ, ಗೊತ್ತುಪಡಿಸಿದ ಎಡೆಗಳಲ್ಲಿ, ಬಾಡಿಗೆಯಿಲ್ಲದೆ ಹದಿನಾಲ್ಕು ದಿನಗಳವರೆಗೆ ಬೀಡುಬಿಡಲು ಯಾರಿಗಾದರೂ ಅನುಮತಿಯುಂಟು. ಮೋಟಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಟ್ರೇಲರ್ ಎಂಬ ಗಾಡಿಮನೆಯೊಂದು ನಮ್ಮಲ್ಲಿದೆ. ಮಂಚ, ಒಲೆ, ಸ್ನಾನದ ಕೋಣೆ, ತಂಪುಪೆಟ್ಟಿಗೆ ಎಲ್ಲವೂ ಅದರೊಳಗೆ ಅಡಕವಾಗಿವೆ. ನನ್ನ ತಾತನವರು ಕಮಾನುಗಾಡಿಯಲ್ಲಿ ಸಂಸಾರಸಮೇತರಾಗಿ ಜಾತ್ರೆಗೆ ಹೋಗುತ್ತಿದ್ದರಂತೆ. ಅಚ್ಚಿನ ಕೆಳಗೆ ತೂಗಾಡುವ ಒಂದು ಲಾಂದ್ರವೇ ಅವರ ದೀಪದ ಸರಬರಾಜು. ಒಂದು ಸೀಸೆ ಎಣ್ಣೆಯಿದ್ದರೆ ಅವರಿಗೆ ನಿಶ್ಚಿಂತೆ. ನಮ್ಮ ಪಾಡು ಅಷ್ಟು ಸರಳವಲ್ಲ.

ಅದಕ್ಕೆ ಕಾರಣವನ್ನು ಹೇಳಬೇಕು. ನಮ್ಮ ಮನೆಯಾಕೆಗೆ ನಿದ್ರೆಯಲ್ಲಿ ಉಸಿರು ನಿಂತು ನಿಂತು ಬರುವ ವ್ಯಾಧಿಯುಂಟು. ಗಂಟಲಿನ ಮೃದುವಾದ ಭಾಗಗಳು ಮಲಗಿದಾಗ ಕುಸಿದು ಗಾಳಿಯ ದಾರಿಯನ್ನು ಮುಚ್ಚುವುವು, ರಕ್ತದಲ್ಲಿ ಪ್ರಾಣವಾಯು ಇಳಿಯುವುದು, ಹೃದಯಕ್ಕೆ ಆಯಾಸವಾಗುವುದು. ಇದಕ್ಕೆ ಆಸ್ಟ್ರೇಲಿಯದ ಸಿಡ್ನಿ ನಗರದ ವೈದ್ಯ ಕಾಲಿನ್ ಸಲಿವನ್ ಮತ್ತು ಅವರ ಜೊತೆಗಾರರು ೧೯೮೧ರಲ್ಲಿ ಒಂದು ಉಪಾಯವನ್ನು ಪ್ರಕಟಿಸಿದರು. ಮೂಗಿಗೆ ಕಟ್ಟಿದ ಮುಖವಾಡದ ಮೂಲಕ ಸಣ್ಣದೊಂದು ಯಂತ್ರವು ರಾತ್ರಿಯೆಲ್ಲ ಹದವಾದ ಒತ್ತಡದಲ್ಲಿ ಗಾಳಿಯನ್ನು ಊದುತ್ತಿರುವುದು. ಆ ಒತ್ತಡದಿಂದ ಗಂಟಲು ತೆರೆದೇ ಇರುವುದು. ಯಂತ್ರ ನಡೆಯುವವರೆಗೆ ಆಕೆ ಮಗುವಿನಂತೆ ನಿದ್ರಿಸುವಳು. ಯಂತ್ರ ನಿಂತರೆ ನಿದ್ರೆಯೂ ನಿಂತಿತು.

೨೦೨೨ರ ಅಕ್ಟೋಬರ್ ತಿಂಗಳಲ್ಲಿ, ಕಾಡಿನ ನಡುವೆ, ಬೆಳಗಿನ ಜಾವ ಮೂರು ಗಂಟೆಗೆ ಅದು ನಿಂತಿತು. ಹೊರಗೆ ನೀರು ಹೆಪ್ಪುಗಟ್ಟುವ ಚಳಿ. ಒಳಗೆ ಬಿಸಿಗಾಳಿಯ ಒಲೆಯ ಬೀಸಣಿಗೆ ಮಾತ್ರ ಮಂದವಾಗಿ ತಿರುಗುತ್ತಿತ್ತು, ಉರಿ ಹೊತ್ತಿರಲಿಲ್ಲ. ಈ ಒಲೆಯಲ್ಲಿ ಗಾಳಿಯ ಬೀಸು ಸಾಕಷ್ಟಿದ್ದರೆ ಮಾತ್ರ ಅನಿಲವನ್ನು ಹೊತ್ತಿಸಲು ಅನುಮತಿ ಕೊಡುವ ಒಂದು ಪುಟ್ಟ ರೆಕ್ಕೆಯಿರುವುದು. ವಿದ್ಯುತ್ತು ಬಲಗುಂದಿದಾಗ ಬೀಸಣಿಗೆ ಸೊರಗುವುದು, ರೆಕ್ಕೆ ಏಳದು, ಉರಿ ಹತ್ತದು. ಆದರೆ ಬೀಸಣಿಗೆ ಮಾತ್ರ ಉಳಿದ ಅಲ್ಪ ಶಕ್ತಿಯನ್ನೂ ನೆಕ್ಕಿಹಾಕುವುದು. ಆಕೆ ಕಂಬಳಿ ಹೊದ್ದು ಕುಳಿತು ಬೆಳಗುಮಾಡಿದಳು. ಬಿಸಿಲು ಬಂದ ಮೇಲೆ ಕಾಫಿಯ ಲೋಟವನ್ನು ನನ್ನ ಕೈಗಿತ್ತು, "ಇನ್ನು ಮೇಲೆ ನೀವೊಬ್ಬರೇ ಹೋಗಿಬನ್ನಿ. ನಾನು ಊರಿನಲ್ಲೇ ಇರುತ್ತೇನೆ. ನನ್ನ ದೆಸೆಯಿಂದ ನಿಮ್ಮ ತಿರುಗಾಟ ನಿಲ್ಲುವುದು ಬೇಡ" ಎಂದಳು. ಕೋಪದಿಂದ ಆಡಿದ ಮಾತಾಗಿದ್ದರೆ ನಾನು ಸಮಾಧಾನಪಡಿಸುತ್ತಿದ್ದೆ. ಆಕೆ ಶಾಂತವಾಗಿ ಹೇಳಿದಳು. ಆದುದರಿಂದಲೇ ನನಗೆ ಅದು ನಾಟಿತು. ಒಬ್ಬನೇ ಹೋಗುವುದಾದರೆ ಆ ಗಾಡಿಮನೆಯು ನನಗೆ ಏತಕ್ಕೆ?

ಊರಿಗೆ ಬಂದು ಕಾಗದ ಪೆನ್ಸಿಲುಗಳನ್ನು ಹಿಡಿದು ಇಬ್ಬರೂ ಲೆಕ್ಕಕ್ಕೆ ಕುಳಿತೆವು. ಉಸಿರಿನ ಯಂತ್ರವು, ನೀರನ್ನು ಬಿಸಿಮಾಡುವ ಭಾಗವನ್ನು ಆರಿಸಿ ನಡೆಸಿದರೆ, ಗಂಟೆಗೆ ಎರಡೂವರೆ ಆಂಪಿಯರ್‌ನಂತೆ ಎಂಟು ಗಂಟೆಗೆ ೨೦ ಆಂಪಿಯರ್ ಗಂಟೆಗಳನ್ನು ಬೇಡುವುದು. ಒಲೆಯ ಬೀಸಣಿಗೆ ಚಳಿಯ ರಾತ್ರಿಯಲ್ಲಿ ಒಟ್ಟು ಐದು ಗಂಟೆ ತಿರುಗಿದರೆ ೩೫. ದೀಪ, ನೀರಿನ ಪಂಪು, ಅನಿಲ ಸೋರಿದರೆ ಕೂಗುವ ಎಚ್ಚರಿಕೆಯ ಗಂಟೆ, ಇತ್ಯಾದಿ ಚಿಲ್ಲರೆ ಬಾಬುಗಳಿಗೆ ೧೦. ಅಂತೂ ರಾತ್ರಿಯೊಂದಕ್ಕೆ ೬೫. "ನನ್ನ ಉಸಿರಿಗೂ ಜಮಾಖರ್ಚು ಬರೆಯುವ ಕಾಲ ಬಂದಿತೆ!" ಎಂದು ಆಕೆ ನಕ್ಕಳು. ಆದರೆ ಹಾಲಿನ ಲೆಕ್ಕ ಬರೆದ ಕೈಯಿಂದಲೇ ಈ ಲೆಕ್ಕವನ್ನೂ ಅಚ್ಚುಕಟ್ಟಾಗಿ ಬರೆದಳು.

ಇನ್ನು ಜಮೆಯ ಕಡೆ. ಗಾಡಿಯೊಡನೆ ಬಂದಿದ್ದ ಎರಡು ಸೀಸದ ಬ್ಯಾಟರಿಗಳ ಮೇಲೆ ತಲಾ ೮೦ ಆಂಪಿಯರ್ ಗಂಟೆ ಎಂದು ಬರೆದಿದ್ದಿತು. ಸೀಸದ ತಗಡುಗಳನ್ನು ಗಂಧಕಾಮ್ಲದಲ್ಲಿ ಅದ್ದಿಟ್ಟು ವಿದ್ಯುತ್ತನ್ನು ಕೂಡಿಡುವ ಈ ವಿಧಾನವನ್ನು ೧೮೫೯ರಲ್ಲಿ ಫ್ರಾನ್ಸಿನ ಗಾಸ್ತೋನ್ ಪ್ಲಾಂಟೆ ಕಂಡುಹಿಡಿದನು. ಅಂದಿನಿಂದ ಇಂದಿನವರೆಗೆ ಅದು ಲೋಕಕ್ಕೆ ಮಾಡಿರುವ ಉಪಕಾರ ಅಪಾರ. ಆದರೆ ಅದರ ಸ್ವಭಾವ ಹಳೆಯ ಕಾಲದ ಯಜಮಾನರದು: ಅರ್ಧಕ್ಕಿಂತ ಹೆಚ್ಚು ಬೇಡಿದರೆ ಮುನಿಯುವುದು. ಪದೇಪದೇ ಬರಿದುಮಾಡಿದರೂ, ಬರಿದಾಗಿಯೇ ಬಿಟ್ಟರೂ, ತಗಡಿನ ಮೇಲೆ ಸೀಸದ ಸಲ್ಫೇಟು ಗಟ್ಟಿಹರಳುಗಳಾಗಿ ಕೂರುವುದು. ಅಷ್ಟು ಭಾಗ ಮತ್ತೆ ಕೆಲಸಕ್ಕೆ ಬಾರದು. ಆದುದರಿಂದ ೧೬೦ರ ಕಣಜದಲ್ಲಿ ನಮ್ಮ ಪಾಲು ೮೦ ಮಾತ್ರ. ಚಳಿ ಅದರಲ್ಲಿ ಒಂದು ಪಾಲನ್ನು ಕಸಿಯಿತು, ಐದು ವರ್ಷದ ಮುಪ್ಪು ಇನ್ನೊಂದು ಪಾಲನ್ನು ಕಸಿಯಿತು. ಉಳಿದುದು ಐವತ್ತಕ್ಕೂ ಕಡಿಮೆ, ಖರ್ಚು ಅರವತ್ತೈದು. ಮೂರು ಗಂಟೆಗೆ ಕತ್ತಲಾದುದರಲ್ಲಿ ಆಶ್ಚರ್ಯವೇನು?

ಸೀಸಕ್ಕೆ ಇನ್ನೊಂದು ಗುಣವುಂಟು. ಅದು ಮೊದಲ ಮುಕ್ಕಾಲು ಪಾಲನ್ನು ಬೇಗ ಉಂಡು, ಕೊನೆಯ ಕಾಲು ಪಾಲನ್ನು ಗಂಟೆಗಟ್ಟಲೆ ಮೆಲ್ಲುವುದು. ಶರತ್ಕಾಲದ ಕಿರಿಹಗಲಿನಲ್ಲಿ, ಮರದ ನೆರಳಿನ ನಡುವೆ, ಮಾಡಿನ ಮೇಲಿನ ಸೂರ್ಯಫಲಕಗಳಿಂದ ಅದು ಪೂರ್ತಿ ತುಂಬುವುದೇ ಅಪರೂಪ. ತುಂಬದೆ ಉಳಿದಷ್ಟೂ ಹರಳು ಬೆಳೆಯುವುದು.

ಆಗ ನಮ್ಮ ಗಮನ ಲಿಥಿಯಂ ಕಬ್ಬಿಣ ಫಾಸ್ಫೇಟ್ ಎಂಬ ಹೊಸ ಬಗೆಯ ಬ್ಯಾಟರಿಯ ಕಡೆಗೆ ಹರಿಯಿತು. ಇದರ ಮೂಲಪ್ರಬಂಧವು ಟೆಕ್ಸಸ್ ವಿಶ್ವವಿದ್ಯಾನಿಲಯದಿಂದ ೧೯೯೭ರಲ್ಲಿ ಪ್ರಕಟವಾಯಿತು. ಅದರ ಮೂವರು ಕರ್ತೃಗಳಲ್ಲಿ ಎರಡನೆಯ ಹೆಸರು ನಂಜುಂಡಸ್ವಾಮಿ ಎಂದಿರುವುದನ್ನು ಕಂಡು, ಕಪಿಲಾತೀರದ ತೇರನ್ನು ನೋಡಿ ಬೆಳೆದ ನಮಗಿಬ್ಬರಿಗೂ ಒಂದು ಬಗೆಯ ಹಿಗ್ಗಾಯಿತು. ಮೂರನೆಯವರು ಜಾನ್ ಗುಡ್‌ಎನಫ್. ಅವರಿಗೆ ೨೦೧೯ರಲ್ಲಿ, ೯೭ನೆಯ ವಯಸ್ಸಿನಲ್ಲಿ, ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವು ಮತ್ತಿಬ್ಬರೊಡನೆ ದೊರೆಯಿತು; ೨೦೨೩ರಲ್ಲಿ ನೂರು ವರ್ಷದ ತುಂಬು ಜೀವನವನ್ನು ಮುಗಿಸಿ ಅವರು ತೀರಿಕೊಂಡರು. ಈ ಬ್ಯಾಟರಿಯಲ್ಲಿ ಆಮ್ಲಜನಕವು ರಂಜಕದೊಡನೆ ಬಿಗಿಯಾಗಿ ಬೆಸೆದುಕೊಂಡಿರುವುದರಿಂದ, ಬೇರೆ ಕೆಲವು ಲಿಥಿಯಂ ಬ್ಯಾಟರಿಗಳಿಗೆ ಹೋಲಿಸಿದರೆ ಬೆಂಕಿಯ ಭಯ ಕಡಿಮೆ. ನೂರರಲ್ಲಿ ತೊಂಬತ್ತು ಪಾಲನ್ನು ಧಾರಾಳವಾಗಿ ಬಳಸಬಹುದು. ಸೀಸದ್ದು ಕೆಲವು ನೂರು ಸಲ ತುಂಬಿ ಬರಿದಾಗುವಷ್ಟರಲ್ಲಿ ಸೊರಗಿದರೆ, ಇದು ಎರಡು ಮೂರು ಸಾವಿರ ಸಲ ತಾಳುವುದು. ತಲಾ ೧೦೦ರ ಎರಡನ್ನು ಕೊಂಡೆವು. ೧೮೦ ನಮ್ಮ ಪಾಲು. ಬಿಸಿಲೇ ಇಲ್ಲದಿದ್ದರೂ ಎರಡು ರಾತ್ರಿಗಳು ಸಾಗಿ ಮಿಗುವಷ್ಟು.

ಹಳೆಯದನ್ನು ಕಳಚಿ ಹೊಸದನ್ನು ಕೂರಿಸಿದರೆ ಮುಗಿಯಿತೆಂದು ತಿಳಿಯಬಾರದು. ಹೊಸ ಸೊಸೆ ಬಂದರೆ ಮನೆಯ ಪದ್ಧತಿಗಳು ನಾಲ್ಕಾದರೂ ಬದಲಾಗುವುವಲ್ಲವೆ?

ಮೊದಲನೆಯದು, ತುಂಬುವ ಯಂತ್ರ. ಗಾಡಿಯ ಹಳೆಯ ಯಂತ್ರವು ೧೩.೬ ವೋಲ್ಟಿನಲ್ಲಿ ತುಂಬುತ್ತಿತ್ತು. ಹೊಸ ಬ್ಯಾಟರಿಗೆ ಹದಿನಾಲ್ಕಕ್ಕೂ ತುಸು ಮೇಲೆ ಬೇಕು. ಅದನ್ನು ಬದಲಿಸಿದೆವು. ಎಳೆಯುವ ಮೋಟಾರಿನಿಂದ ಬರುವ ತಂತಿಗೂ, ಈ ಹಸಿದ ಬ್ಯಾಟರಿ ಮೋಟಾರಿನ ವಿದ್ಯುಜ್ಜನಕವನ್ನು ಮಿತಿಮೀರಿ ದುಡಿಸದಂತೆ ಅಳೆದು ಕೊಡುವ ಒಂದು ಪೆಟ್ಟಿಗೆಯನ್ನು ನಡುವೆ ಇಟ್ಟೆವು.

ಎರಡನೆಯದು, ಅಳತೆಗೋಲು. ಸೀಸದ ಬ್ಯಾಟರಿಯು ವಿಶ್ರಾಂತಿಯಲ್ಲಿ ೧೨.೭ ವೋಲ್ಟ್ ತೋರಿದರೆ ತುಂಬಿದೆಯೆಂದೂ, ೧೨.೨ ತೋರಿದರೆ ಅರ್ಧವಾಯಿತೆಂದೂ ತಿಳಿಯಬಹುದು. ಲಿಥಿಯಂ ಮಾತ್ರ ಉದ್ದಕ್ಕೂ ೧೩ರ ಆಚೀಚೆಯೇ ನಿಂತು, ಮುಗಿಯುವ ಹೊತ್ತಿಗೆ ಥಟ್ಟನೆ ಕುಸಿಯುವುದು. ಮುಖ ನೋಡಿ ಹೊಟ್ಟೆಯನ್ನು ಅರಿಯುವಂತಿಲ್ಲ. ಆದುದರಿಂದ ಒಳಹೋದ ಮತ್ತು ಹೊರಬಂದ ವಿದ್ಯುತ್ತನ್ನು ಎಣಿಸಿ ಲೆಕ್ಕವಿಡುವ ಮಾಪಕವೊಂದನ್ನು ಋಣತಂತಿಗೆ ಕೂಡಿಸಿದೆವು. ಈಗ ಅದನ್ನು ನೋಡುವ ಅಧಿಕಾರ ಮನೆಯಾಕೆಯದು.

ಮೂರನೆಯದು, ಚಳಿ. ಶೂನ್ಯ ಡಿಗ್ರಿಗಿಂತ ಕೆಳಗೆ ಇದನ್ನು ತುಂಬಿಸಬಾರದು. ತುಂಬಿಸಿದರೆ ಲಿಥಿಯಂ ಲೋಹವಾಗಿ ಒಳಗೆ ಲೇಪಗೊಂಡು ಬ್ಯಾಟರಿ ಕೆಡುವುದು. ಅದರೊಳಗಿನ ಕಾವಲು ಯಂತ್ರವೇ ತುಂಬುವುದನ್ನು ತಡೆಯುವುದಾದರೂ, ತಡೆದರೆ ನಮಗೆ ವಿದ್ಯುತ್ತು ದೊರೆಯದಷ್ಟೆ. ಸೀಸದ ಬ್ಯಾಟರಿ ಜಲಜನಕವನ್ನು ಬಿಡುವುದರಿಂದ ಗಾಡಿಯ ಮೂಕಿಯ ಮೇಲೆ, ಹೊರಗೆ, ಇರಬೇಕಾಗಿತ್ತು. ಇದಕ್ಕೆ ಆ ದೋಷವಿಲ್ಲ. ಮಂಚದ ಕೆಳಗಿನ ಬೆಚ್ಚನೆಯ ಜಾಗದಲ್ಲಿ ಇದನ್ನು ಕೂರಿಸಿ, ಬ್ಯಾಟರಿಯ ಪಕ್ಕದಲ್ಲಿಯೇ ಬಲವಾದ ಫ್ಯೂಸನ್ನು ಇಟ್ಟೆವು. ತಂತಿಗೆ ತಂತಿ ತಾಗಿದರೆ ಇದು ಕ್ಷಣದಲ್ಲಿ ಸುರಿಯಬಲ್ಲ ವಿದ್ಯುತ್ತು ಭಯಂಕರವಾದುದು.

ನಾಲ್ಕನೆಯದನ್ನು ಹಲವರು ಮರೆಯುವರು. ಮೂಕಿಯ ಮೇಲೆ ಬೀಳುವ ಭಾರವು ಗಾಡಿಯ ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದರವರೆಗೆ ಇರಬೇಕು. ಇಳಿದರೆ ಗಾಡಿ ಹೆದ್ದಾರಿಯಲ್ಲಿ ಹಾವಿನಂತೆ ಹೊಯ್ದಾಡುವುದು. ಹಳೆಯ ಬ್ಯಾಟರಿಗಳನ್ನು ತೆಗೆದುದರಿಂದ ಅಲ್ಲಿ ೪೩ ಕಿಲೋ ಕಡಿಮೆಯಾಯಿತು. ತೂಕದ ಕಟ್ಟೆಗೆ ಒಯ್ದು ನೋಡಲಾಗಿ, ೨,೪೦೦ ಕಿಲೋ ಗಾಡಿಗೆ ಮೂಕಿಯ ಭಾರ ೨೬೭ ಕಿಲೋ ಇದ್ದಿತು, ಮನಸ್ಸು ನಿರಾಳವಾಯಿತು. ಗಾಡಿ ಅಕಸ್ಮಾತ್ ಕಳಚಿಕೊಂಡರೆ ತಾನೇ ತಡೆಗಟ್ಟೆಯನ್ನು ಒತ್ತಿ ನಿಲ್ಲಿಸುವ ವ್ಯವಸ್ಥೆಗೂ ಈ ಬ್ಯಾಟರಿಯೇ ಆಧಾರ. ಅದರ ತಂತಿಯನ್ನು ಯಾವ ಗುಂಡಿಯಿಂದಲೂ ಆರದಂತೆ ನೇರವಾಗಿ ಜೋಡಿಸಿದೆವು. ಪರರ ಪ್ರಾಣವೂ ಇದರ ಮೇಲೆ ನಿಂತಿದೆಯಲ್ಲವೆ?

೨೦೨೩ರ ಅಕ್ಟೋಬರಿನಲ್ಲಿ ಮತ್ತೆ ಅದೇ ಕಾಡಿಗೆ ಹೋದೆವು. ಆಕೆ ಬರಲು ಒಪ್ಪಿದುದು ಒಂದು ಕರಾರಿನ ಮೇಲೆ: ಮೊದಲ ರಾತ್ರಿ ಕೆಟ್ಟರೆ ಎರಡನೆಯ ರಾತ್ರಿ ಇಲ್ಲ. ಹೊರಗೆ ಬಕೀಟಿನ ನೀರು ಕಲ್ಲಾಯಿತು. ಮೂರು ಗಂಟೆಗೆ ನನಗೆ ತಾನಾಗಿ ಎಚ್ಚರವಾಯಿತು. ಯಂತ್ರವು ಮೆಲ್ಲನೆ ಉಸಿರಾಡುತ್ತಿತ್ತು. ಅದರ ತಾಳಕ್ಕೆ ಆಕೆಯೂ. ನಾನು ಬಹಳ ಹೊತ್ತು ಅದನ್ನೇ ಕೇಳುತ್ತ ಮಲಗಿದ್ದೆ. ಬೆಳಗ್ಗೆ ಆಕೆ ಎದ್ದವಳೇ ಮಾಪಕವನ್ನು ನೋಡಿ, "ನೂರ ಮೂವತ್ತಾರು ಉಳಿದಿದೆ, ನಾಳೆಯೂ ಇರಬಹುದು" ಎಂದಳು. ಹನ್ನೊಂದು ದಿನಗಳಿದ್ದೆವು.

ಟ್ರೇಲರ್ ಇಲ್ಲದ ವಾಚಕರಿಗೆ ಇದರಿಂದ ಏನು ಪ್ರಯೋಜನ ಎನ್ನಬಹುದು. ಕನ್ನಡನಾಡಿನ ಎಷ್ಟೋ ಮನೆಗಳ ಮೂಲೆಯಲ್ಲಿ ಇನ್ವರ್ಟರಿನ ಬ್ಯಾಟರಿ ಕುಳಿತಿರುವುದು. ಅದೂ ಬಹುಮಟ್ಟಿಗೆ ಸೀಸದ್ದೇ. ಅದಕ್ಕೆ ಕಾಲಕಾಲಕ್ಕೆ ಭಟ್ಟಿ ಇಳಿಸಿದ ಶುದ್ಧ ನೀರನ್ನೇ ಎರೆಯಿರಿ. ಗಾಳಿಯಾಡುವ ಕಡೆ ಇಡಿರಿ. ಪೂರ್ತಿ ಬರಿದಾಗಲು ಬಿಡಬೇಡಿರಿ. ಮನೆಯಲ್ಲಿ ಉಸಿರಿನ ಯಂತ್ರವನ್ನೋ ಪ್ರಾಣವಾಯುವಿನ ಯಂತ್ರವನ್ನೋ ನಂಬಿದ ವೃದ್ಧರಿದ್ದರೆ, ವಿದ್ಯುತ್ತು ಹೋದ ರಾತ್ರಿಗೆ ಎಷ್ಟು ಬೇಕು, ಎಷ್ಟಿದೆ ಎಂಬುದನ್ನು ಬೆಳಕಿರುವಾಗಲೇ ಕುಳಿತು ಬರೆದಿಡಿರಿ. ಬ್ಯಾಟರಿಯ ಮೇಲೆ ಅಚ್ಚಾದ ಅಂಕಿಯನ್ನಲ್ಲ, ಅದರ ವಯಸ್ಸನ್ನು ಕಳೆದು ಉಳಿದುದನ್ನು ನಂಬಿರಿ. ಆ ಲೆಕ್ಕವನ್ನು ಮನೆಯವರೆಲ್ಲರೂ ಅರಿತಿರಲಿ. ಕತ್ತಲಾದಾಗ ಮನೆಯಲ್ಲಿ ಯಾರಿರುವರೋ ಹೇಳಬರುವುದಿಲ್ಲ.