ಚಿತ್ರ ಪುಸ್ತಕವೂ ನನ್ನ ತರಗತಿಯೂ

ಓದುವುದೆಂದರೇನು? ತರಬೇತಿ ಮುಗಿಸಿ ಕಾಸರಗೋಡು ಸೀಮೆಯ ಒಂದು ಕನ್ನಡ ಶಾಲೆಗೆ ಬಂದ ಹೊಸತರಲ್ಲಿ ಯಾರಾದರೂ ಹೀಗೆ ಕೇಳಿದ್ದರೆ, ಅಕ್ಷರಗಳನ್ನು ಕೂಡಿಸಿ ತಪ್ಪಿಲ್ಲದೆ ಉಚ್ಚರಿಸುವುದೆಂದು ಕೂಡಲೇ ಉತ್ತರ ಕೊಡುತ್ತಿದ್ದೆ. ಆ ಉತ್ತರ ಸಾಲದೆಂದು ನನಗೆ ಕಲಿಸಿದವನು ಒಂದನೆಯ ತರಗತಿಯ ಒಬ್ಬ ಬಾಲಕ.

ಅವನ ಮನೆಮಾತು ತುಳು. ಒಂದು ದಿನ ಕರಿಹಲಗೆಯ ಮೇಲೆ 'ಗೂಡಿನಲ್ಲಿ ಮರಿ ಇಲ್ಲ' ಎಂದು ಬರೆದೆ. ಹುಡುಗನು ಎದ್ದುನಿಂತು ಒಂದಕ್ಷರವೂ ತಪ್ಪದಂತೆ ಓದಿದನು. ನಾನು ಹಿಗ್ಗಿ, "ಇದರ ಚಿತ್ರವನ್ನು ಬರೆದು ತಾ" ಎಂದೆ. ಅವನು ಗೂಡನ್ನು ಬರೆದನು. ಅದರೊಳಗೆ ಮರಿಯನ್ನು ಬರೆದನು. ಪಕ್ಕದಲ್ಲಿ ಹಂಚು ಹೊದೆಸಿದ ಮನೆಯೊಂದನ್ನೂ ಬರೆದನು! ತುಳುವಿನಲ್ಲಿ 'ಇಲ್ಲ್' ಎಂದರೆ ಮನೆ. ನಮ್ಮ 'ಇಲ್ಲ' ಅಲ್ಲಿ 'ಇಜ್ಜಿ'. ಮಲಯಾಳದಲ್ಲಿ 'ಇಲ್ಲ'ಕ್ಕೆ ಕನ್ನಡದ ಅರ್ಥವೇ ಇರುವುದರಿಂದ, ಆ ಮನೆಮಾತಿನ ಮಕ್ಕಳು ಗೊಳ್ಳೆಂದು ನಕ್ಕರು. ನಗಬೇಕಾದದ್ದು ಹುಡುಗನನ್ನು ಕಂಡಲ್ಲ, ನನ್ನ ಗಿಳಿಪಾಠವನ್ನು ಕಂಡು.

ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಮೇಲೆಯೂ ಇಲ್ಲಿ ಕನ್ನಡ ಶಾಲೆಗಳು ನಡೆದುಬಂದಿವೆ. ಆದರೆ ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಟಿಗಳನ್ನಾಡುವ ಮನೆಗಳ ಎಷ್ಟೋ ಮಕ್ಕಳಿಗೆ ಕನ್ನಡವು ಶಾಲೆಯಲ್ಲಿಯೇ ಮೊದಲು ಎದುರಾಗುತ್ತದೆ. ಅರ್ಥವಾಗದ ನುಡಿಯನ್ನು ಯಾವ ಮಗು ತನ್ನದೆಂದೀತು? ನಾವು ಕೇವಲ ಉಚ್ಚಾರಣೆಯನ್ನು ಕಲಿಸಿದರೆ ಅವರ ನಾಲಗೆಯಲ್ಲಿ ಕನ್ನಡವಿದ್ದೀತು, ಮನಸ್ಸಿನಲ್ಲಿರದು.

ಆಗ ತರಬೇತಿಯಲ್ಲಿ ಓದಿದ್ದ ಕೊಮೇನಿಯಸ್ಸನ ನೆನಪಾಯಿತು. 1658ರಲ್ಲಿ ಅವನು ಎಳೆಯರಿಗಾಗಿ ಪ್ರಕಟಿಸಿದ 'ಆರ್ಬಿಸ್ ಪಿಕ್ಟಸ್' ಎಂಬ ಚಿತ್ರ ಪುಸ್ತಕದಲ್ಲಿ, ಚಿತ್ರದೊಡನೆ ಲ್ಯಾಟಿನ್ ಪಾಠವನ್ನೂ ಜರ್ಮನ್ ಪಾಠವನ್ನೂ ಜೊತೆಜೊತೆಯಾಗಿ ಅಚ್ಚುಮಾಡಲಾಗಿತ್ತು. ಎರಡು ನುಡಿಗಳ ನಡುವೆ ಚಿತ್ರವೇ ಸೇತುವೆ. ನನಗೂ ಬೇಕಾದದ್ದು ಅದೇ.

ಮರುದಿನ ಕಪಾಟಿನಿಂದ ಹಕ್ಕಿಯ ಕಥೆಯುಳ್ಳ ಚಿತ್ರ ಪುಸ್ತಕವೊಂದನ್ನು ತೆಗೆದು, ಮಕ್ಕಳನ್ನು ಅರ್ಧವರ್ತುಲವಾಗಿ ಕುಳ್ಳಿರಿಸಿ, ಪುಟವನ್ನು ಅವರ ಕಡೆಗೆ ಹಿಡಿದು ಗಟ್ಟಿಯಾಗಿ ಓದತೊಡಗಿದೆ. ಅಲ್ಲಿಯೂ ಎಡವಿದೆ. ಪ್ರತಿಯೊಂದು ವಾಕ್ಯಕ್ಕೂ ನಿಲ್ಲಿಸಿ, ಇದೇನು, ಅದೇನು ಎಂದು ಪರೀಕ್ಷಿಸಿದೆ. ನಾಲ್ಕನೆಯ ಪುಟಕ್ಕೆ ಬಂದಾಗ ಒಬ್ಬಳು, "ಮಾಷ್ಟ್ರೇ, ಮೊದಲು ಕಥೆ ಹೇಳಿ" ಎಂದಳು. ನಾನು ಪ್ರಶ್ನೆಗಳನ್ನು ಬದಿಗಿಟ್ಟೆ.

ಅಂದಿನಿಂದ ಹೀಗೊಂದು ಕ್ರಮ ಬೆಳೆಯಿತು. ಮೊದಲ ದಿನ ಹೊದಿಕೆಯ ಚಿತ್ರವನ್ನು ತೋರಿಸಿ, ಕಥೆ ಏನಿರಬಹುದೆಂದು ಊಹಿಸಲು ಬಿಡುವುದು. ಅನಂತರ ತಡೆಯಿಲ್ಲದೆ ಓದುವುದು. ಎರಡನೆಯ ದಿನ ಅದನ್ನೇ ಓದುತ್ತ ಎರಡು ಮೂರು ಕಡೆ ಮಾತ್ರ ನಿಂತು, 'ಏನು' ಎಂಬುದಕ್ಕಿಂತ 'ಏಕೆ' ಎಂದು ಕೇಳುವುದು. ಉತ್ತರ ಯಾವ ಮನೆಮಾತಿನಲ್ಲಿ ಬಂದರೂ ಸ್ವೀಕರಿಸಿ, ಅದನ್ನೇ ಕನ್ನಡದಲ್ಲಿ ಮರಳಿ ನುಡಿಯುವುದು. ಮೂರನೆಯ ದಿನ ಅಕ್ಷರಗಳನ್ನು ಕಾಗದದಿಂದ ಮುಚ್ಚಿ, ಚಿತ್ರ ನೋಡಿ ಮಕ್ಕಳೇ ಕಥೆ ಹೇಳುವುದು. ಆಮೇಲೆ ಕಾಗದ ತೆಗೆದು ಓದುವುದು.

ಆ ಮೂರನೆಯ ದಿನ ಬರಿದಾದ ಗೂಡಿನ ಪುಟ ಬಂದಿತು. ನಮ್ಮ ಬಾಲಕನು ಚಿತ್ರವನ್ನು ದಿಟ್ಟಿಸಿ, "ಮರಿ ಇಜ್ಜಿ" ಎಂದನು. "ಹೌದು, ಮರಿ ಇಲ್ಲ" ಎಂದೆ. ಅವನು ಮುಚ್ಚಿದ್ದ ಸಾಲನ್ನು ಬಿಡಿಸಿ ಓದಿ, 'ಇಲ್ಲ' ಎಂಬಲ್ಲಿ ಬೆರಳನ್ನು ನಿಲ್ಲಿಸಿ ನಕ್ಕನು. "ಏಕೆ ಇಲ್ಲ?" ಎಂದು ಕೇಳಿದೆ. ಅವನು ಪುಟವನ್ನು ಹಿಂದಕ್ಕೆ ತಿರುವಿ, ಮರಿಗೆ ಮೂಡಿದ್ದ ರೆಕ್ಕೆಗಳನ್ನು ತೋರಿಸಿ, "ಹಾರಿಹೋಯಿತು" ಎಂದನು. ಆ ಮಾತು ಪುಸ್ತಕದ ಯಾವ ಸಾಲಿನಲ್ಲಿಯೂ ಇರಲಿಲ್ಲ.

ಸಹೋದ್ಯೋಗಿ ಮಿತ್ರರೇ, ಇದಕ್ಕೆ ಬೇಕಾದದ್ದು ಒಂದು ಪುಸ್ತಕ, ಸ್ವಲ್ಪ ಸಾವಧಾನ. ಮಕ್ಕಳೇ, ನಿಮ್ಮ ತಮ್ಮ ತಂಗಿಯರಿಗೆ ನೀವೂ ಹೀಗೆ ಓದಿ ಹೇಳಿರಿ. ಸಾಲುಗಳ ನಡುವಿನ ಮಾತು ಮಗುವಿಗೆ ಕಂಡ ದಿನವೇ ಅದು ನಿಜವಾಗಿ ಓದಲು ಕಲಿತ ದಿನ.